ದೊಡ್ಡಮ್ಮನ ಹುಂಜ

ಶುಕ್ರವಾರ ಬಂತೆಂದರೆ ನನಗೆ ವಾಕರಿಕೆ. ಮಾತಿಗೆ ಹೇಳುತ್ತಿಲ್ಲ, ಮಧ್ಯಾಹ್ನ ತಿಂದದ್ದು ನಿಜಕ್ಕೂ ಗಂಟಲಲ್ಲೇ ನಿಲ್ಲುತ್ತದೆ. ಸಂಜೆ ಕೆಲಸ ಮುಗಿಯುವ ಹೊತ್ತಿಗೆ, ಐವತ್ತು ದಾಟಿದ ಹೆಂಗಸು ನಾನು, ತಲೆಗೆ ಕಾಗದದ ಕಿರೀಟ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ನಿಂತು, "ನಾನು ಯಾವ ಪ್ರಾಣಿ ಹೇಳಿ ನೋಡೋಣ" ಎಂದು ಕೈಕಾಲು ಆಡಿಸಬೇಕು. ಆಡಿಸದಿದ್ದರೆ ಅಂಕ ಇಲ್ಲ. ಅಂಕ ಇಲ್ಲದವರ ಕರಾರು ವರ್ಷದ ಕೊನೆಗೆ ಮುಂದುವರಿಯುವುದಿಲ್ಲ. ಹೊಟ್ಟೆಪಾಡಿಗೆ ಮನುಷ್ಯರು ಏನೇನೋ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ಈ ವಯಸ್ಸಿನಲ್ಲಿ ಕಾಂಗರೂ ಆಗಬೇಕೆಂದು ನನ್ನ ಹಣೆಯಲ್ಲಿ ಬರೆದದ್ದು ನನಗೆ ಗೊತ್ತಿರಲಿಲ್ಲ.

ನಮ್ಮದು ವಾಷಿಂಗ್ ಮಷೀನ್ ಕಂಪನಿಯೊಂದರ ದೂರು ವಿಭಾಗ. ಮೊದಲು ಆಫೀಸಿತ್ತು, ಆಮೇಲೆ ಬಾಡಿಗೆ ಉಳಿಸಲು ಅದನ್ನು ಮುಚ್ಚಿ, ಕುರ್ಚಿಗಳ ಸಮೇತ ನಮ್ಮನ್ನು ಮನೆಗೆ ಕಳಿಸಿದರು. ಈಗ ಅವರವರ ಮನೆಯ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಊರವರ ಬೈಗುಳ ತಿನ್ನುತ್ತೇವೆ. ಬಟ್ಟೆ ಹಿಂಡುತ್ತಿಲ್ಲ, ನೀರು ಸೋರುತ್ತಿದೆ, ಮಗುವಿನ ಸ್ವೆಟರು ಗೊಂಬೆಯ ಅಳತೆಗೆ ಇಳಿದಿದೆ, ಇದಕ್ಕೆಲ್ಲ ನಾನೇ ಕಾರಣ. ಇರಲಿ, ಅದು ಕೆಲಸ. ಬೈಸಿಕೊಳ್ಳಲು ಸಂಬಳ ಕೊಡುತ್ತಾರೆ, ಬೈಸಿಕೊಳ್ಳುತ್ತೇವೆ.

ಆದರೆ ಅದಕ್ಕೂ ಒಂದು ಮಿತಿ ಉಂಟು. ಫೋನಿನಲ್ಲಿರುವ ಗಿರಾಕಿ ಮಷೀನು ಬಿಟ್ಟು ನಮ್ಮ ಹುಡುಗಿಯರ ಅಪ್ಪ ಅಮ್ಮನ ತನಕ ಹೋದರೆ, ನಾವು ಹೇಳುವ ಮಾತು ಒಂದೇ: "ಸ್ವಲ್ಪ ಲೈನಲ್ಲಿರಿ ಸರ್, ನಮ್ಮ ಹಿರಿಯರು ಮಾತಾಡ್ತಾರೆ." ಹಿರಿಯರೆಂದರೆ ನಮ್ಮ ಸೂಪರ್‌ವೈಸರ್, ನಾವೆಲ್ಲ ಕರೆಯುವುದು ಮೀಸೆ ಎಂದು. ಎಲ್ಲರ ಲೈನುಗಳ ಮೇಲೂ ಕಿವಿ ಇಟ್ಟು ಕೂರುವುದು ಅವನ ಕೆಲಸ. ಈ ಮಾತು ಕಿವಿಗೆ ಬಿದ್ದರೆ ಸಾಕು, ಊಟದ ತಟ್ಟೆ ಮುಂದಿದ್ದರೂ ಬಿಟ್ಟು ಬರುತ್ತಾನೆ. ಯಾಕೆ, ಏನು ಎಂದು ನಮ್ಮನ್ನು ಕೇಳುವುದಿಲ್ಲ. ನೇರವಾಗಿ ಲೈನಿಗೆ ಇಳಿದು, ಬಾವಿಯೊಳಗಿಂದ ಬಂದಂಥ ದನಿಯಲ್ಲಿ, "ಹೇಳಿ ಸರ್, ಏನು ನಿಮ್ಮ ಸಮಸ್ಯೆ?" ಎನ್ನುತ್ತಾನೆ. ಎಂಥ ಗಂಡಸಿನ ಸಮಸ್ಯೆಯೂ ಅಲ್ಲಿಗೆ ಅರ್ಧ ಕಡಿಮೆಯಾಗುತ್ತದೆ.

ಎಲ್ಲ ಚೆನ್ನಾಗಿಯೇ ಇತ್ತು, ಹಲ್ಕಿರಿಯಪ್ಪ ಬರುವ ತನಕ. ಇದು ನಾನಿಟ್ಟ ಹೆಸರು. ಅವನ ನಿಜವಾದ ಹುದ್ದೆ ಉಲ್ಲಾಸಾಧಿಕಾರಿ. ಹೌದು, ಅಂಥದ್ದೊಂದು ಹುದ್ದೆ ಇದೆ, ಅದಕ್ಕೆ ನಮಗಿಂತ ದುಪ್ಪಟ್ಟು ಸಂಬಳವೂ ಇದೆ. ದೂರದೂರ ಕೂತು ಕೆಲಸ ಮಾಡುವವರ ಮನಸ್ಸು ಹತ್ತಿರವಾಗಲಿ ಎಂದು ಕಂಪನಿ ಇವನನ್ನು ನೇಮಿಸಿತಂತೆ. ಕೆಂಪು ಕನ್ನಡಕ, ಬಾಯಿತುಂಬ ಹಲ್ಲು, ಆ ಹಲ್ಲುಗಳ ಮೇಲೆ ಸದಾ ಬೀಳುವ ಒಂದು ದೀಪ. ಅರ್ಧ ನಿಮಿಷದಲ್ಲಿ ಮನೆಯಿಂದ ಒಂದು ಕೆಂಪು ವಸ್ತು ತನ್ನಿ. ಯಾರ ಫ್ರಿಜ್ಜಿನಲ್ಲಿ ಏನಿದೆ ತೋರಿಸಿ. ಎರಡು ನಿಜ ಹೇಳಿ, ಒಂದು ಸುಳ್ಳು ಹೇಳಿ. ಕ್ಯಾಮೆರಾ ಆರಿಸುವ ಹಾಗಿಲ್ಲ, ಮೈಕು ಮುಚ್ಚುವ ಹಾಗಿಲ್ಲ, ಏಕೆಂದರೆ ನಗು ಎಲ್ಲರಿಗೂ ಕೇಳಬೇಕು. ಯಾರು ಎಷ್ಟು ನಕ್ಕರು, ಎಷ್ಟು ಚಪ್ಪಾಳೆ ತಟ್ಟಿದರು ಎಂದು ಕಂಪ್ಯೂಟರೇ ಲೆಕ್ಕ ಹಾಕಿ ಅಂಕ ಕೊಡುತ್ತದೆ. ಆಟದ ನಡುನಡುವೆ ಅವನು, "ದೊಡ್ಡಮ್ಮಾ, ನಿಮ್ಮ ಎನರ್ಜಿ ಸಾಲದು!" ಎಂದು ಕೂಗುತ್ತಾನೆ. ನನ್ನ ಎನರ್ಜಿ ಎಲ್ಲಿಗೆ ಸಾಲುತ್ತದೆ ಎಂದು ತೋರಿಸಲು ಅವನ ಕೆನ್ನೆ ನನ್ನ ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ, ಅಷ್ಟೇ.

ದೊಡ್ಡಮ್ಮ ಎನ್ನುವುದು ನಾನೇ. ವಯಸ್ಸಿನಲ್ಲಿ ವಿಭಾಗಕ್ಕೆಲ್ಲ ಹಿರಿಯವಳೆಂದು ಹಾಗೆ ಕರೆಯುತ್ತಾರೆ. ನನ್ನ ಮನೆಯ ಕಾಲಿಂಗ್ ಬೆಲ್ಲೂ ವಿಭಾಗಕ್ಕೆಲ್ಲ ಗೊತ್ತು. ಒತ್ತಿದರೆ ಹುಂಜ ಕೂಗುವ ಬೆಲ್ಲನ್ನು ನನ್ನ ಯಜಮಾನರು ಬದುಕಿದ್ದಾಗ ಎಲ್ಲಿಂದಲೋ ಹುಡುಕಿ ತಂದು ಹಾಕಿದ್ದರು. ಈಗ ಅದು ಅರ್ಧ ಕೂಗುತ್ತದೆ. ಕೊಕ್ಕೊಕ್ಕೋ ಎಂದು ಏರಿ, ಯಾರೋ ಕತ್ತು ಹಿಚುಕಿದ ಹಾಗೆ ನಿಂತುಬಿಡುತ್ತದೆ. ಗಿರಾಕಿಗಳ ಜೊತೆ ಮಾತಾಡುವಾಗ ಅದು ಕೂಗಿ ನಾನು ಎಷ್ಟೋ ಸಲ ಮೇಲಿನವರಿಂದ ಬೈಸಿಕೊಂಡಿದ್ದೇನೆ. 'ದೊಡ್ಡಮ್ಮನ ಹುಂಜ' ಎಂದು ಎಲ್ಲರೂ ಗೇಲಿ ಮಾಡುತ್ತಾರೆ. ಮಾಡಲಿ, ಯಜಮಾನರ ನೆನಪಿಗೆ ಇರುವುದು ಅದೊಂದೇ.

ಇನ್ನು ಗುಬ್ಬಿ. ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವಳು. ದನಿಯೂ ಚಿಕ್ಕದು. ಆಫೀಸು ಮುಚ್ಚಿದ ಮೇಲೆ ಸೇರಿದವಳಾದ್ದರಿಂದ ನಾನು ಅವಳನ್ನು ಎದುರಿಗೆ ಕಂಡವಳೇ ಅಲ್ಲ, ಆದರೆ ದಿನವಿಡೀ ಅವರಿವರ ಮನೆಯ ಸದ್ದು ಕೇಳುವ ಕಿವಿಗೆ ಕೆಲವು ಸಂಗತಿ ತಾನಾಗಿಯೇ ತಿಳಿಯುತ್ತದೆ. ಅವಳು ಮಾತಾಡುವಾಗ ಹಿಂದೆ ಬಾಗಿಲು ತೆರೆದ ಸದ್ದಾದರೆ, ಅರ್ಧ ಮಾತಿಗೇ ಅವಳ ಉಸಿರು ನಿಲ್ಲುತ್ತಿತ್ತು. ಒಂದು ದಿನ ಕಂಪನಿಯ ಲೈನು ಬಿಟ್ಟು ನನ್ನ ಸ್ವಂತ ನಂಬರಿನಿಂದ ಫೋನ್ ಮಾಡಿ, "ಏನಮ್ಮ, ನಿನ್ನ ಗಂಡ ಹೊಡೀತಾನಾ?" ಎಂದು ನೇರವಾಗಿ ಕೇಳಿದೆ.

"ಎಡಗಿವಿ ಹೋಗಿದೆ ದೊಡ್ಡಮ್ಮ," ಎಂದಳು. "ಬಲಗಿವಿ ಒಂದರಲ್ಲೇ ಕೆಲಸ ಮಾಡ್ತಿದೀನಿ. ಅದೂ ಹೋದ್ರೆ ಕೆಲಸಾನೂ ಹೋಗುತ್ತೆ."

ಗಂಡ ಫೋಟೋಗ್ರಾಫರ್. ಎದುರಿಗೆ ನಿಂತವರನ್ನು ನಗಿಸುವುದರಲ್ಲಿ ಎತ್ತಿದ ಕೈಯಂತೆ. ಹೊಡೆದಾದ ಮೇಲೆ ಅವಳ ಗಲ್ಲ ಹಿಡಿದು ಮೇಲೆತ್ತಿ, "ಎಲ್ಲಿ, ನಗು ನೋಡೋಣ," ಎನ್ನುತ್ತಿದ್ದನಂತೆ. ನಗುವ ತನಕ ಗಲ್ಲ ಬಿಡುತ್ತಿರಲಿಲ್ಲವಂತೆ. ಇದನ್ನು ಕೇಳಿದ ಮೇಲೆ ನಾನು ಹೇಳಿದ್ದು ಇಷ್ಟೇ: "ಕಂಪ್ಯೂಟರ್ ಎತ್ಕೊಂಡು ಹೊರಟು ಬಾ." ಬಂದಳು. ಅವನು ಅವಳ ತವರು, ಅಕ್ಕನ ಮನೆ, ಗೆಳತಿಯರ ಮನೆ ಎಲ್ಲ ತಡಕಾಡಿದ. ಮುಖಾಮುಖಿ ನೋಡಿಯೇ ಇಲ್ಲದ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಹೆಂಡತಿ ಇರಬಹುದೆಂದು ಯಾವ ಗಂಡನಿಗೆ ಹೊಳೆಯುತ್ತದೆ? ಕಂಪನಿಗೆ ಹೋಗಿ ಜಗಳ ತೆಗೆಯೋಣವೆಂದರೆ ನಿಲ್ಲಲು ಒಂದು ಬಾಗಿಲೂ ಇರಲಿಲ್ಲ. ಅವಳಿಗೆ ಇದಕ್ಕಿಂತ ಭದ್ರವಾದ ಜಾಗ ಬೇರೆ ಇರಲಿಲ್ಲ.

ನಾನು ಮುಂದಿನ ಕೋಣೆಯಲ್ಲಿ, ಅವಳು ಅಡುಗೆಮನೆ ಪಕ್ಕದ ಸಾಮಾನಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆವು. ಅವಳ ಬೆನ್ನ ಹಿಂದೆ ಸೋಪು, ಪೊರಕೆ, ಹಳೇ ಬಕೆಟ್ಟು. ಅದು ಕಾಣದ ಹಾಗೆ ಪರದೆಯ ಮೇಲೆ ಸಮುದ್ರದ ಚಿತ್ರ ಹಾಕಿಕೊಳ್ಳುತ್ತಿದ್ದಳು. ಮೀಸೆಗೆ ಮಾತ್ರ ವಿಷಯ ಗೊತ್ತಿತ್ತು, ಅವನ ಮನೆ ನಮ್ಮ ಓಣಿಯಿಂದ ದೂರವಿಲ್ಲ.

ಕೆಡಿಸಿದ್ದು ಕಂಪನಿಯ ಕೊರಿಯರ್. ಹಲ್ಕಿರಿಯಪ್ಪ ಎಲ್ಲರ ಮನೆಗೂ ಒಂದೊಂದು ಮೋಜಿನ ಡಬ್ಬ ಕಳಿಸಿದ್ದ. ಪೀಪಿ, ಬಣ್ಣದ ಕಾಗದ, ಹೊಸ ಕಿರೀಟ. ಅದನ್ನು ತಂದ ಪುಣ್ಯಾತ್ಮ ಸರಿಯಾಗಿ ಶುಕ್ರವಾರದ ಆಟದ ನಡುವೆ ನನ್ನ ಬೆಲ್ ಒತ್ತಿದ. ಹುಂಜ ಕೂಗಿತು. ಪರದೆಯ ಮೇಲಿನ ನನ್ನ ಚೌಕದಲ್ಲೂ ಕೂಗಿತು, ಗುಬ್ಬಿಯ ಸಮುದ್ರದಲ್ಲೂ ಕೂಗಿತು, ಒಂದೇ ಗಳಿಗೆಯಲ್ಲಿ, ಒಂದೇ ಕಡೆ ಕತ್ತು ಹಿಚುಕಿಕೊಂಡಿತು.

"ಒಂದ್ನಿಮಿಷ, ಒಂದ್ನಿಮಿಷ!" ಹಲ್ಕಿರಿಯಪ್ಪ ಕುರ್ಚಿಯಿಂದ ಹಾರಿದ. "ದೊಡ್ಡಮ್ಮನ ಹುಂಜ ಗುಬ್ಬಿ ಮನೇಲಿ ಹೇಗೆ ಕೂಗುತ್ತೆ? ಕಳ್ಳಿಯರಾ! ಇಬ್ರೂ ಒಂದೇ ಮನೇಲಿದೀರಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಬ್ಬಿ ಮುಖ ಬಿಳಿಚಿಕೊಂಡಿತು. ಮಾರನೆಯ ದಿನ ಕಂಪನಿಯ ಪುಟದಲ್ಲಿ ಆ ವಿಡಿಯೋ ಊರೆಲ್ಲ ನೋಡುವ ಹಾಗೆ ಹಾಕಿದ್ದರು. ನನ್ನ ಮುಖ, ಅವಳ ಮುಖ, ಕೆಳಗೆ ದಪ್ಪಕ್ಷರದಲ್ಲಿ 'ಟೀಮ್ ಅಂದ್ರೆ ಒಂದೇ ಮನೆ!'

ಹಲ್ಕಿರಿಯಪ್ಪನಿಗೆ ಫೋನ್ ಮಾಡಿದೆ. ಗುಬ್ಬಿಯ ಸಂಗತಿಯನ್ನೆಲ್ಲ ಇವನ ಬಾಯಿಗೆ ಹಾಕಲು ಧೈರ್ಯ ಬರಲಿಲ್ಲ. "ಆ ಹುಡುಗಿಗೆ ಮನೇಲಿ ತೊಂದ್ರೆ ಇದೆ. ದಯವಿಟ್ಟು ಅದನ್ನ ತೆಗೀರಿ," ಎಂದೆ.

"ಯಾರ ಮನೇಲಿಲ್ಲ ಹೇಳಿ ದೊಡ್ಡಮ್ಮ? ಅದಕ್ಕೇ ಅಲ್ವಾ ನಾವು ನಗಬೇಕಾಗಿರೋದು? ಎಷ್ಟು ಲೈಕ್ ಬಂದಿದೆ ಗೊತ್ತಾ ಅದಕ್ಕೆ!"

ತೆಗೆಯಲಿಲ್ಲ. ಗುಬ್ಬಿ ಆ ವಾರವೆಲ್ಲ ಬಲಗಿವಿಯನ್ನು ಬಾಗಿಲ ಕಡೆ ಇಟ್ಟುಕೊಂಡೇ ಕೂತಳು. ಬೇರೆ ಜಾಗ ನೋಡೋಣವೆಂದು ಮೀಸೆ ವಿಚಾರಿಸತೊಡಗಿದ. ಅಷ್ಟರಲ್ಲಿ ಮುಂದಿನ ಶುಕ್ರವಾರ ಬಂದೇಬಿಟ್ಟಿತು.

"ಇವತ್ತಿನ ಆಟ, ಪರದೆ ಹಿಂದೆ ಯಾರು?" ಹಲ್ಕಿರಿಯಪ್ಪನ ಹಲ್ಲು ಅವತ್ತು ಇನ್ನಷ್ಟು ಹೊಳೆಯುತ್ತಿತ್ತು. "ನಮ್ಮಲ್ಲಿ ಒಬ್ರಿಗೆ ಮನೇಲಿ ಸ್ವಲ್ಪ ಬೇಜಾರಿದೆ ಅಂತ ಗೊತ್ತಾಯ್ತು. ಟೀಮ್ ಅಂದ್ಮೇಲೆ ಸುಮ್ನೆ ಕೂರಕ್ಕಾಗುತ್ತಾ? ಒಬ್ರು ಅತಿಥಿ ಬಂದಿದಾರೆ. ದನಿ ಕೇಳಿ, ಯಾರು ಅಂತ ಊಹಿಸಿ!"

ಪರದೆಯ ಮೇಲೆ ಹೊಸದೊಂದು ಕಪ್ಪು ಚೌಕ ಮೂಡಿತು. ಅದರೊಳಗಿಂದ ಬೆಣ್ಣೆಯಂಥ ದನಿ: "ಎಲ್ಲಿ, ನಗು ನೋಡೋಣ."

ಗುಬ್ಬಿ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಕಾಣಿಸಿತು. ಉಳಿದವರೆಲ್ಲ, "ಅಣ್ಣನಾ? ಕ್ಲಾಸ್‌ಮೇಟಾ?" ಎಂದು ಉತ್ಸಾಹದಿಂದ ಊಹಿಸುತ್ತಿದ್ದರು. ಪೀಪಿ ಊದಿದರು. ಕಪ್ಪು ಸರಿದು ಕ್ಯಾಮೆರಾ ತೆರೆಯಿತು. ಇಸ್ತ್ರಿ ಮಾಡಿದ ಅಂಗಿ, ತುಂಬು ನಗು, ಒಂದು ಕೈಯಲ್ಲಿ ಕೇಕಿನ ಡಬ್ಬ. ನಡೆಯುತ್ತಾ ಇದ್ದ. ಅವನ ಹೆಗಲ ಹಿಂದೆ ಅಂಗಿಗಳನ್ನು ಸಾಲಾಗಿ ನೇತುಹಾಕಿದ ಒಂದು ಇಸ್ತ್ರಿ ಅಂಗಡಿ ಸರಿದುಹೋಯಿತು. ಅದು ನಮ್ಮ ಓಣಿಯ ತುದಿಯ ಅಂಗಡಿ.

"ಗುಬ್ಬಿ ಯಜಮಾನ್ರು!" ಹಲ್ಕಿರಿಯಪ್ಪ ಕಿರುಚಿದ. "ವಿಡಿಯೋ ನೋಡಿ ಅವರೇ ಬರೆದ್ರು. ಹೆಂಡತಿ ಮುನಿಸಿಕೊಂಡಿದಾಳೆ, ಸರ್‌ಪ್ರೈಸ್ ಕೊಡ್ಬೇಕು ಅಂತ. ಅಡ್ರೆಸ್ ನಾನೇ ಕೊಟ್ಟೆ! ಗುಬ್ಬೀ, ಯಾಕೆ ಹಾಗೆ ನೋಡ್ತಿದೀಯಾ, ನಗಮ್ಮ!"

ಹುಂಜ ಕೂಗಿತು. ನನ್ನ ತಲೆಯ ಮೇಲಿನ ಗೋಡೆಯಲ್ಲಿ ಕೂಗಿತು, ಗುಬ್ಬಿಯ ಚೌಕದಲ್ಲಿ ಕೂಗಿತು, ಅವನ ಚೌಕದಲ್ಲೂ ಕೂಗಿತು.

"ಬಾ-ಗಿ-ಲು! ಬಾ-ಗಿ-ಲು!" ಇಡೀ ವಿಭಾಗ ಚಪ್ಪಾಳೆ ತಟ್ಟುತ್ತಾ ಹಾಡತೊಡಗಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಎಷ್ಟು ಸಲ ಹೇಳಿದ್ದೆನೋ, ಅದರ ಅರ್ಥ ನನಗೆ ಆವತ್ತು ಆಯಿತು. ಅವನು ಮತ್ತೆ ಬೆಲ್ ಒತ್ತಿದ. ಫೋನನ್ನು ಮುಖದ ಮುಂದೆ ಹಿಡಿದು ನಗುತ್ತಲೇ ಇದ್ದ. ಆಗ ನನಗೆ ಒಂದು ಹೊಳೆಯಿತು. ಇಷ್ಟು ಜನ ನೋಡುತ್ತಿರುವ ತನಕ ಇವನು ನಗುತ್ತಲೇ ಇರಬೇಕು. ಆಟ ನಿಂತ ಗಳಿಗೆಗೆ ಈ ನಗುವೂ ನಿಲ್ಲುತ್ತದೆ. ನನ್ನ ಬಾಗಿಲೋ, ಎರಡು ಮೂರು ಒದೆಗೆ ಬೀಳುವಂಥದ್ದು.

ಹಾಗಾಗಿ ನಾನು ನಕ್ಕೆ. ದೇವರಾಣೆ, ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ನಕ್ಕಿರಲಿಲ್ಲ.

"ಅಯ್ಯಯ್ಯೋ, ಅಷ್ಟು ಸಲೀಸಾಗಿ ಬಾಗಿಲು ತೆಗೀತೀವಾ? ಆಟ ಅಂದ್ಮೇಲೆ ಆಟ! ಅಳಿಯಂದ್ರು ಮೊದ್ಲು ಗೆಲ್ಲಬೇಕಪ್ಪ!"

"ಸೂಪರ್ ದೊಡ್ಡಮ್ಮ! ಇದು ನೋಡಿ ಎನರ್ಜಿ!" ಹಲ್ಕಿರಿಯಪ್ಪ ಕುಣಿದ. ಕೋತಿಗೆ ಹೆಂಡ ಕುಡಿಸಿದಂತಾಯಿತು.

ಅದೇ ಉಸಿರಿನಲ್ಲಿ, ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಾ, ನಗುನಗುತ್ತಲೇ ಸೇರಿಸಿದೆ: "ಸ್ವಲ್ಪ ಲೈನಲ್ಲಿರಿ ಸರ್, ನಮ್ಮ ಹಿರಿಯರು ಮಾತಾಡ್ತಾರೆ!"

ಎಲ್ಲರೂ ಇದೂ ತಮಾಷೆಯೆಂದು ನಕ್ಕರು. ಮೀಸೆ ನಗಲಿಲ್ಲ. ಅವನ ಚೌಕದಲ್ಲಿ ಒಂದು ಕುರ್ಚಿ ತಿರುಗಿತು, ಆಮೇಲೆ ಅಲ್ಲಿ ಯಾರೂ ಇರಲಿಲ್ಲ. ಗುಬ್ಬಿಯೂ ಮಾತನ್ನು ಕೇಳಿಸಿಕೊಂಡಿದ್ದಳು. ಅವಳ ಚೌಕದಲ್ಲಿ ಬರೀ ಸಮುದ್ರ ಉಳಿಯಿತು. ಅಡುಗೆಮನೆಯ ಹಿಂಬಾಗಿಲ ಚಿಲಕ ಸರಿದದ್ದು ನನಗೆ ಕೇಳಿಸಿತು. ಮೈಕಿಗೂ ಕೇಳಿಸೀತೆಂದು ನಾನು ಪೀಪಿ ಎತ್ತಿ ಊದಿದೆ.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಅವನಿಗೆ ಆಟ ಆಡಿಸಿದೆ. ಮೂರು ಕೆಂಪು ವಸ್ತು ತೋರಿಸಿ ಎಂದೆ, ಬೀದಿಯೆಲ್ಲ ಹುಡುಕಿ ತೋರಿಸಿದ. ಪ್ರಾಣಿ ಆಗಿ ಎಂದೆ, ನನ್ನ ಮೆಟ್ಟಿಲ ಮೇಲೆ ನಿಂತು ಹುಂಜ ಆದ. ಬೆಲ್ಲಿನ ಹಾಗೆಯೇ ಕೂಗಿ, ಅಲ್ಲೇ ನಿಲ್ಲಿಸಿ ತೋರಿಸಿದ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಚಪ್ಪಾಳೆ ತಟ್ಟಿದೆ. "ಎಷ್ಟು ಒಳ್ಳೆ ಗಂಡ!" ಎಂದಳು ಒಬ್ಬಳು. ಅವನ ಬಾಯಿ ಮಾತ್ರ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಆಟದ ನಡುನಡುವೆ ಹೆಬ್ಬೆರಳು ಬೆಲ್ಲಿಗೇ ವಾಪಸಾಗುತ್ತಿತ್ತು, ಹುಂಜ ಅರ್ಧರ್ಧ ಕೂಗುತ್ತಲೇ ಇತ್ತು.

"ಗುಬ್ಬಿ ಎಲ್ಲಿ? ಸಮುದ್ರ ಒಂದೇ ಕಾಣ್ತಿದೆ," ಎಂದ ಹಲ್ಕಿರಿಯಪ್ಪ.

"ನಾಚಿಕೊಂಡು ತಲೆ ಬಾಚ್ಕೊಳ್ತಿದಾಳೆ ಕಣಪ್ಪ!" ಎಂದೆ. ಎಲ್ಲರೂ "ಓಹೋ" ಎಂದರು.

ಕೊನೆಗೆ ಹಿಂದಿನ ಓಣಿಯಲ್ಲಿ ಮೀಸೆಯ ಸ್ಕೂಟರಿನ ಸದ್ದು ಕೇಳಿಸಿತು. ಸೈಲೆನ್ಸರ್ ಒಡೆದ ಗಾಡಿ, ಎಲ್ಲಿದ್ದರೂ ಗುರುತು ಸಿಗುತ್ತದೆ. ಒಂದು ಗಳಿಗೆ ನಿಂತಿತು, ಮತ್ತೆ ಹೊರಟಿತು, ದೂರವಾಯಿತು. ಪೂರ್ತಿ ದೂರವಾಗುವ ತನಕ ನಾನು ನಗುತ್ತಲೇ ಇದ್ದೆ. ಆಮೇಲೆ ಕಿರೀಟ ತೆಗೆದು ಮೇಜಿನ ಮೇಲಿಟ್ಟೆ.

"ಆಟ ಮುಗೀತು," ಎಂದೆ. "ಈಗ ಎಲ್ಲರೂ ಕೇಳಿಸ್ಕೊಳ್ಳಿ. ಗುಬ್ಬಿಗೆ ಎಡಗಿವಿ ಕೇಳಿಸಲ್ಲ. ಈಗ ನೀವು ಚಪ್ಪಾಳೆ ತಟ್ಟಿದ್ರಲ್ಲ, ಈ ಒಳ್ಳೆ ಗಂಡ ಹೊಡೆದು ಕೆಡಿಸಿದ ಕಿವಿ ಅದು. ಇವನಿಂದ ತಪ್ಪಿಸ್ಕೊಳ್ಳಕ್ಕೆ ನನ್ನ ಮನೇಲಿದ್ಲು. ಈಗ ಇಲ್ಲೂ ಇಲ್ಲ."

ಅವನು ಕ್ಯಾಮೆರಾವನ್ನು ನೋಡಿದ, ಇನ್ನೂ ನಗುತ್ತಲೇ ಇದ್ದ. ಹೆಬ್ಬೆರಳಿನಿಂದ ಚೌಕವನ್ನು ಆರಿಸಿದ. ಮರುಗಳಿಗೆ ನನ್ನ ಬಾಗಿಲಿಗೆ ಬಿದ್ದ ಒದೆ ನನ್ನ ತೆರೆದ ಮೈಕಿನಿಂದ ಎಲ್ಲರ ಮನೆಗೂ ಕೇಳಿಸಿತು. ಎರಡನೆಯದೂ ಕೇಳಿಸಿತು. ಇಸ್ತ್ರಿ ಅಂಗಡಿಯವನು ಕೆಂಡದ ಪೆಟ್ಟಿಗೆ ಕೈಯಲ್ಲೇ ಹಿಡಿದು, "ಯಾರೋ ಅದು!" ಎಂದು ಓಡಿಬರದಿದ್ದರೆ ಮೂರನೆಯದಕ್ಕೆ ಬಾಗಿಲು ಬೀಳುತ್ತಿತ್ತು. ಗುಬ್ಬಿಯ ಗಂಡ ಕಾಲ್ಕಿತ್ತ, ಹೋಗುವ ಮುಂಚೆ ಕೇಕನ್ನು ಬಾಗಿಲಿಗೆ ಎಸೆದಿದ್ದ. ಅದರ ಜಿಡ್ಡು ಸಂದಿಯೊಳಗೆಲ್ಲ ಇಳಿದು, ಎಷ್ಟು ತೊಳೆದರೂ ಇರುವೆ ಸಾಲು ತಪ್ಪಲಿಲ್ಲ.

ಆಮೇಲಿನದ್ದು ಅದಕ್ಕಿಂತ ಅಸಹ್ಯ. ಮೇಲಿನ ಮೇಡಂ ಫೋನ್ ಮಾಡಿ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನೀವು ಮಧ್ಯ ಹೋಗ್ಬಾರದಿತ್ತು," ಎಂದರು. ಉಂಡು ಮಲಗಿದ ಮೇಲೆ ಕಿವಿ ವಾಪಸ್ ಬರುತ್ತದಾ ಮೇಡಂ ಎಂದು ಕೇಳಿದೆ, ಫೋನ್ ಇಟ್ಟರು. ಹಲ್ಕಿರಿಯಪ್ಪ ವಿಡಿಯೋ ತೆಗೆದ, "ನಂಗೇನ್ ಗೊತ್ತು, ಎಷ್ಟು ನಯವಾಗಿ ಮಾತಾಡಿದ್ರು ಅವ್ರು," ಎಂದು ಗೊಣಗಿದ. ಗುಬ್ಬಿ ಎಲ್ಲಿದ್ದಾಳೆ ಎಂದು ಮೀಸೆಯನ್ನು ಕೇಳಿದೆ.

"ಹುಷಾರಾಗಿದಾಳೆ. ಎಲ್ಲಿ ಅಂತ ಮಾತ್ರ ಕೇಳ್ಬೇಡಿ ಅಕ್ಕ," ಎಂದ. "ನಿಮಗೆ ಗೊತ್ತಿಲ್ದೆ ಇದ್ರೇನೇ ಅವಳಿಗೆ ಒಳ್ಳೇದು."

ಸರಿಯೇ. ಆದರೂ ಆ ಪುಟ್ಟ ಕೋಣೆಯ ಖಾಲಿ ಕುರ್ಚಿ ಕಂಡಾಗಲೆಲ್ಲ ಸಂಕಟವಾಗುತ್ತಿತ್ತು. ಬೆಲ್ಲನ್ನು ಗೋಡೆಯಿಂದ ಕಿತ್ತು ಡಬ್ಬದಲ್ಲಿಟ್ಟೆ.

ಮತ್ತೆ ಶುಕ್ರವಾರ ಬಂತು. ಬರುವುದನ್ನು ಯಾರು ತಪ್ಪಿಸಿಯಾರು? ಹಲ್ಕಿರಿಯಪ್ಪ ಮೊದಮೊದಲು ದನಿ ತಗ್ಗಿಸಿ ಮಾತಾಡಿದ. ಆಮೇಲೆ ಅಭ್ಯಾಸಬಲ, ದೀಪ ಹಲ್ಲಿನ ಮೇಲೆ ಬಿತ್ತು. ತಿಂಗಳ ಅಂಕಗಳನ್ನು ಕಂಪ್ಯೂಟರ್ ಕೂಡಿಸಿತ್ತು. ಅತಿ ಹೆಚ್ಚು ನಕ್ಕವರು, ಅತಿ ಹೆಚ್ಚು ಚಪ್ಪಾಳೆ ತಟ್ಟಿದವರು, ಈ ತಿಂಗಳ ಉಲ್ಲಾಸರತ್ನ, ದೊಡ್ಡಮ್ಮ. ಪರದೆಯ ಮೇಲೆ ನನ್ನ ಫೋಟೋ ಬಂತು. ಗುಬ್ಬಿಯ ಗಂಡನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಲು ನಾನು ಬಾಯಿ ತೆರೆದು ನಗುತ್ತಿದ್ದ ಗಳಿಗೆಯದ್ದು. ಅದರ ಮೇಲೆ ಬಣ್ಣದ ಚೂರು ಉದುರುತ್ತಿದ್ದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಲ್ಕಿರಿಯಪ್ಪ ಕನ್ನಡಕ ಸರಿಮಾಡಿಕೊಂಡ.

"ಯಾಕೆ ಎಲ್ರೂ ಇಷ್ಟು ಡಲ್ ಆಗಿದೀರಾ? ಆಗಿದ್ದು ಆಗೋಯ್ತು. ದೊಡ್ಡಮ್ಮಾ, ನೀವಾದ್ರೂ... ಎಲ್ಲಿ, ನಗಿ ನೋಡೋಣ."

ನಾನು ಅವನ ಮುಖವನ್ನು ಒಮ್ಮೆ ಪೂರ್ತಿ ನೋಡಿದೆ.

"ಸ್ವಲ್ಪ ಲೈನಲ್ಲಿರಿ ಸರ್," ಎಂದೆ. "ನಮ್ಮ ಹಿರಿಯರು ಮಾತಾಡ್ತಾರೆ."

ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು ಎದ್ದೆ. ನಾನು ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ, ಮೇಜಿನ ಮೇಲಿನ ಹೆಡ್‌ಫೋನಿನೊಳಗಿಂದಲೇ, ಮೀಸೆಯ ದನಿ ಕೇಳಿಸಿತು:

"ಹೇಳಿ ಸರ್, ಏನು ನಿಮ್ಮ ಸಮಸ್ಯೆ?"